ಬೀಗದ ಕೈ ಕೊಟ್ಟರೆ ಸಾಲದು

ನೀವಿಬ್ಬರೂ ಅಮೆರಿಕಕ್ಕೆ ಹೋಗಿಬರುವವರೆಗೆ ನಾಯಿಯನ್ನೂ ಬೆಕ್ಕನ್ನೂ ನೋಡಿಕೊಳ್ಳಲು ಹುಡುಗಿಯೊಬ್ಬಳನ್ನು ಗೊತ್ತುಮಾಡಿದ್ದೀಯ ಎಂದು ನಿಮ್ಮಮ್ಮ ಹೇಳಿದಳು. ದಿನಕ್ಕೆ ಎಷ್ಟು, ಯಾವಾಗ ಊಟ, ಯಾವಾಗ ವಾಕಿಂಗ್, ಬೀಗದ ಕೈ ಯಾರ ಹತ್ತಿರ, ಎಲ್ಲ ಮಾತಾಗಿದೆಯಂತೆ. ರಾತ್ರಿ ಎರಡು ಗಂಟೆಗೆ ಆಸ್ಪತ್ರೆಗೆ ಓಡಬೇಕಾದರೆ ದುಡ್ಡು ಯಾರದು ಎಂದಿದ್ದಕ್ಕೆ ಮಾತ್ರ ‘ಫೋನ್ ಮಾಡ್ತಾಳೆ, ಕಳಿಸ್ತೀನಿ’ ಅಂದೆಯಂತೆ. ಬ್ಯಾಂಕಿನ ಕೌಂಟರ್ ಹಿಂದೆಯೇ ತಲೆ ನರೆತವಳು ನಾನು. ‘ಕಳಿಸ್ತೀನಿ’ಯನ್ನೇ ನಂಬಿ ಕೌಂಟರ್ ಮುಂದೆ ನಿಂತವರ ಮುಖಗಳನ್ನು ಬೇಕಾದಷ್ಟು ನೋಡಿದ್ದೇನೆ. ಅದಕ್ಕೇ ಈ ಮಾತು.

ಮೊದಲು ಆ ಹುಡುಗಿಯ ಜಾಗದಲ್ಲಿ ನಿಂತು ನೋಡು. ಸಹಕಾರನಗರದ ಪಿಜಿಯಲ್ಲಿದ್ದು ಓದುತ್ತಿರುವವಳು. ಅವಳ ಖಾತೆಯಲ್ಲಿ ತಿಂಗಳ ಕೊನೆಗೆ ಎಷ್ಟಿರುತ್ತದೆ ಎಂದು ನಿನಗೂ ಗೊತ್ತು, ನೀನೂ ಪಿಜಿಯಲ್ಲಿ ಇದ್ದವಳೇ. ಬೆಕ್ಕು ಮರಳಿನ ತಟ್ಟೆಯಲ್ಲಿ ಮತ್ತೆ ಮತ್ತೆ ಹೋಗಿ ಕೂತು ಮುಕ್ಕರಿಯುತ್ತಿದೆ ಅಂದುಕೋ. ಇದು ದೊಡ್ಡದೋ ಸಣ್ಣದೋ ಅವಳಿಗೆ ತಿಳಿಯದು. ಸುಮ್ಮಸುಮ್ಮನೆ ಖರ್ಚು ಮಾಡಿಸಿದಳು ಎಂದು ಅಕ್ಕ ಬೈದರೆ? ನಾನು ಕೊಟ್ಟ ದುಡ್ಡು ವಾಪಸ್ ಬಾರದಿದ್ದರೆ? ಹೀಗೆಲ್ಲ ಯೋಚಿಸಿ ಬೆಳಿಗ್ಗೆ ನೋಡೋಣ ಎಂದು ಮಲಗುತ್ತಾಳೆ. ಅದನ್ನು ಅವಳ ತಪ್ಪು ಎನ್ನಲಾರೆ. ಕೈಯಲ್ಲಿ ಕಾಸೂ ಇಲ್ಲ, ಅಧಿಕಾರವೂ ಇಲ್ಲ ಅಂದರೆ ಯಾರೇ ಆದರೂ ಬೆಳಿಗ್ಗೆಯವರೆಗೆ ಕಾಯುತ್ತಾರೆ.

ಆದರೆ ನಿನ್ನ ಮನೆಯಲ್ಲಿರುವ ಎರಡು ಜೀವಕ್ಕೂ ಬೆಳಗಿನವರೆಗೆ ಕಾಯದ ಕಾಯಿಲೆಗಳಿವೆ. ಗಂಡು ಬೆಕ್ಕಿಗೆ ಮೂತ್ರ ಕಟ್ಟಿದರೆ ನೋಡುವವರಿಗೆ ಮಲಬದ್ಧತೆಯಂತೆ ಕಾಣುತ್ತದೆ; ಒಳಗೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತಾ ಒಂದೆರಡು ದಿನದಲ್ಲಿ ಹೃದಯವೇ ನಿಲ್ಲಬಹುದು. ಲ್ಯಾಬ್ರಡಾರ್‌ನಂಥ ಎದೆ ಆಳವಾದ ದೊಡ್ಡ ನಾಯಿಗೆ ಹೊಟ್ಟೆಯುಬ್ಬರಿಸಿ ಜಠರ ತಿರುಚಿಕೊಂಡರೆ ಲೆಕ್ಕ ಗಂಟೆಗಳದ್ದು. ವಾಂತಿಗೆ ಬಂದಂತೆ ಓಕರಿಸುತ್ತದೆ, ಏನೂ ಹೊರಬರುವುದಿಲ್ಲ, ಅದೇ ಗುರುತು. ಕೈಯಲ್ಲಿ ಕಾಸಿಲ್ಲದವರು ಮನೆಮದ್ದಿಗೆ ಕೈಹಾಕುತ್ತಾರೆ, ಅದು ಇನ್ನೂ ಅಪಾಯ. ನಮಗೆ ಜ್ವರ ಬಂದರೆ ನುಂಗುವ ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ, ಅರ್ಧ ಮಾತ್ರೆಯೂ ಕೊಲ್ಲಬಲ್ಲದು. ಇಷ್ಟನ್ನು ಫ್ರಿಜ್ ಬಾಗಿಲಿಗೆ ಬರೆದು ಅಂಟಿಸು.

ಆದ್ದರಿಂದ ದುಡ್ಡಿಗಿಂತ ಮೊದಲು ತೀರ್ಮಾನವನ್ನು ಅವಳ ಕೈಗೆ ಕೊಡು. ಒಂದು ಹಾಳೆಯಲ್ಲಿ ಬರೆ: ಇಷ್ಟು ರೂಪಾಯಿವರೆಗೆ ನನ್ನನ್ನು ಕೇಳಬೇಕಾಗಿಲ್ಲ, ಡಾಕ್ಟರು ಬೇಕೆಂದದ್ದನ್ನು ಮಾಡಿಸು, ಅದಕ್ಕೆ ಮೀರಿದರೆ ನನಗೆ ಫೋನ್ ಮಾಡು, ಅರ್ಧ ಗಂಟೆಯಲ್ಲಿ ನಾನು ಸಿಗದಿದ್ದರೆ ದೊಡ್ಡಮ್ಮನಿಗೆ ಮಾಡು, ಅವಳು ಹೇಳಿದ್ದೇ ನನ್ನ ಮಾತು. ದೊಡ್ಡಮ್ಮ ಅಂದರೆ ನಾನೇ. ಈ ವಯಸ್ಸಿನಲ್ಲಿ ರಾತ್ರಿ ನಿದ್ದೆ ಹೇಗೂ ಅಷ್ಟಕ್ಕಷ್ಟೆ, ಫೋನ್ ಬಂದರೆ ಬೇಜಾರಿಲ್ಲ. ಮಿತಿ ಎಷ್ಟಿರಲಿ ಎಂದು ನಿಮ್ಮ ಡಾಕ್ಟರನ್ನೇ ಕೇಳು: ಒಂದು ರಾತ್ರಿಯ ತುರ್ತು ಚಿಕಿತ್ಸೆ, ಡ್ರಿಪ್, ರಕ್ತಪರೀಕ್ಷೆ, ಎಕ್ಸ್-ರೇ ಸೇರಿ ಅವರಲ್ಲಿ ಏನಾಗುತ್ತದೆ ಎಂದು. ನಾನಾದರೆ 20,000 ಬೇರೆ ತೆಗೆದಿಡುತ್ತೇನೆ. ಅದೇ ಹಾಳೆಯ ಕೆಳಗೆ, ಅರಿವಳಿಕೆಗೂ ಶಸ್ತ್ರಚಿಕಿತ್ಸೆಗೂ ನನ್ನ ಪರವಾಗಿ ಇವಳು ಸಹಿ ಹಾಕಬಹುದು ಎಂದು ಬರೆದು ಸಹಿ ಮಾಡು. ಒಪ್ಪಿಗೆಯ ಸಹಿ ಇಲ್ಲದೆ ಡಾಕ್ಟರು ಚಾಕು ಹಿಡಿಯಲು ಹಿಂಜರಿಯುತ್ತಾರೆ. ಸಾಕಿದವರಲ್ಲದ ಹುಡುಗಿಯೊಬ್ಬಳು ಬಂದು ನಿಂತರೆ ಇನ್ನೂ ಹಿಂಜರಿಯುತ್ತಾರೆ.

ಇನ್ನು ದುಡ್ಡಿನ ದಾರಿ. 2024ರ ಆಗಸ್ಟ್‌ನಲ್ಲಿ ಯುಪಿಐ ಸರ್ಕಲ್ ಎಂಬ ಸೌಲಭ್ಯ ಬಂತು: ನಿನ್ನ ಖಾತೆಯಿಂದ ಇನ್ನೊಬ್ಬರು ತಮ್ಮ ಫೋನಿನಲ್ಲೇ ಪಾವತಿ ಮಾಡಬಹುದು. ಅದರಲ್ಲಿ ಎರಡು ಬಗೆ. ಪೂರ್ತಿ ಅನುಮತಿ ಕೊಟ್ಟರೆ ತಿಂಗಳಿಗೆ 15,000ದವರೆಗೆ, ಒಂದು ಸಲಕ್ಕೆ 5,000 ಮೀರದಂತೆ, ಅವಳೇ ಕಟ್ಟುತ್ತಾಳೆ. ಅರೆ ಅನುಮತಿಯಾದರೆ ಪ್ರತಿ ಸಲವೂ ನಿನಗೆ ಕೇಳಿಕೆ ಬಂದು ನೀನು ಪಿನ್ ಒತ್ತಬೇಕು. ಎರಡನೆಯದು ಭದ್ರ ಎಂದು ನಿನ್ನ ಗಂಡ ಹೇಳುತ್ತಾನೆ, ಬರೆದಿಟ್ಟುಕೋ. ನೀವಿಬ್ಬರೂ ವಿಮಾನದಲ್ಲಿದ್ದರೆ ಅರ್ಧ ದಿನಕ್ಕೂ ಹೆಚ್ಚು ಹೊತ್ತು ಆ ಭದ್ರತೆ ನಾಯಿಗೆ ಯಾವ ಕೆಲಸಕ್ಕೂ ಬಾರದು. ಪೂರ್ತಿ ಅನುಮತಿಯನ್ನೇ ಕೊಡು. ಹೊರಡುವ ದಿನದ ಗಡಿಬಿಡಿಯಲ್ಲಿ ಬೇಡ, ವಾರ ಮೊದಲೇ ಜೋಡಿಸಿ, ಮೆಡಿಕಲ್ ಸ್ಟೋರಿನಲ್ಲಿ ಅವಳ ಕೈಯಿಂದ ಒಂದು ಸಣ್ಣ ಬಿಲ್ ಕಟ್ಟಿಸಿ ನೋಡು. ಅಷ್ಟು ನಂಬಿಕೆ ಬಾರದಿದ್ದರೆ ಅವಳಿಗೆ ಮನೆಯ ಬೀಗದ ಕೈಯನ್ನೂ ಕೊಡಬೇಡ.

ಒಂದು ಸಲಕ್ಕೆ 5,000 ಎಂದರೆ ದಾಖಲಿಸುವಾಗ ಕೇಳುವ ಮುಂಗಡಕ್ಕೆ ಸಾಲದೇ ಹೋಗಬಹುದು. ಅದಕ್ಕೆ ನಿಮ್ಮ ಮಾಮೂಲಿ ಡಾಕ್ಟರ ಬಳಿ ಹೋಗಿ, ನಾವಿಲ್ಲದಾಗ ಇಂಥವಳು ಬರುತ್ತಾಳೆ, ಈ ಮೊತ್ತ ಡಿಪಾಸಿಟ್ ಇಟ್ಟುಕೊಳ್ಳಿ ಎಂದು ಮುಖತಃ ಹೇಳಿ ರಸೀದಿ ತಗೋ. ಮನೆಯಲ್ಲಿ 3,000 ನಗದೂ ಇರಲಿ. 2025ರ ಜುಲೈನಲ್ಲಿ ತೆರಿಗೆ ನೋಟಿಸಿಗೆ ಹೆದರಿ ನಮ್ಮೂರಿನ ಸಣ್ಣ ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತುಹಾಕಿ ‘ನಗದು ಮಾತ್ರ’ ಎಂದು ಬೋರ್ಡ್ ಹಾಕಿದ್ದು ಮರೆತೆಯಾ? ನಡುರಾತ್ರಿ ಮೂವತ್ತು ಕಿಲೋ ನಾಯಿಯನ್ನು ಹತ್ತಿಸಿಕೊಳ್ಳುವ ಆಟೋದವನೂ ಮೀಟರ್ ಮೇಲೆ ಎಷ್ಟು ಎಂದು ಮೊದಲೇ ಕೇಳುತ್ತಾನೆ. ವಿಮೆ ಇದೆಯಲ್ಲ ಎನ್ನಬೇಡ. ಸಾಕುಪ್ರಾಣಿಯ ವಿಮೆ ಬಹುಪಾಲು ನೀನು ಮೊದಲು ಕಟ್ಟಿ, ಆಮೇಲೆ ಬಿಲ್ ಕೊಟ್ಟು ವಸೂಲು ಮಾಡಿಕೊಳ್ಳುವಂಥದ್ದು. ಪ್ರತಿ ಚೀಟಿಯ ಫೋಟೊ ತೆಗೆದಿಡಲು ಅವಳಿಗೆ ಹೇಳಿದರೆ ಆಯಿತು.

ಎಲ್ಲಿಗೆ ಹೋಗಬೇಕು ಎಂಬುದನ್ನೂ ನೀನೇ ಆರಿಸಿಡು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಿಂದ ಇದೆ. ಅಲ್ಲಿನ ಆಸ್ಪತ್ರೆಯಲ್ಲಿ ಖರ್ಚು ಕಡಿಮೆ, ಕಲಿಸುವ ಡಾಕ್ಟರುಗಳೇ ಇರುತ್ತಾರೆ. ಆರ್.ಟಿ. ನಗರದ ನನಗೆ ಅದು ಪಕ್ಕದ ಮನೆ ಇದ್ದಂತೆ. ಯಲಹಂಕದ ನಿನಗೆ ಹಾಗಲ್ಲ. ಸಂಜೆ ಏಳಕ್ಕೆ ಹೆಬ್ಬಾಳದ ಮೇಲ್ಸೇತುವೆ ಎಷ್ಟು ಹೊತ್ತು ತಿನ್ನುತ್ತದೆ ಎಂದು ಯಾರೂ ಹೇಳಲಾರರು. ಆದ್ದರಿಂದ ಹಗಲಿಗೆ ಒಂದು, ರಾತ್ರಿಗೆ ಮೇಲ್ಸೇತುವೆಯ ಆಚೆ ನಿಮ್ಮ ಕಡೆಯದೇ ಇನ್ನೊಂದು ಗೊತ್ತುಮಾಡು. ಇಡೀ ರಾತ್ರಿ ತೆರೆದಿರುತ್ತೇವೆ ಎಂದು ಬೋರ್ಡ್ ಹಾಕಿದವರಿಗೆ ಒಂದು ರಾತ್ರಿ ನೀನೇ ಫೋನ್ ಮಾಡಿ, ಡಾಕ್ಟರು ಆಗ ಅಲ್ಲೇ ಇರುತ್ತಾರಾ ಎಂದು ಕೇಳು.

ಎಲ್ಲರೂ ಮರೆಯುವುದು ಇನ್ನೊಂದಿದೆ: ತುರ್ತು ಬರುವುದು ಪ್ರಾಣಿಗೆ ಮಾತ್ರವಲ್ಲ, ಆ ಹುಡುಗಿಗೂ ಬರಬಹುದು. ದೀಪಾವಳಿ ಪಟಾಕಿಗೆ ಬೆದರಿದ ಸಾಧುನಾಯಿಯೂ ಕಚ್ಚುತ್ತದೆ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ರೇಬಿಸ್ ಲಸಿಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಆದರೆ ಅದು ಒಂದು ದಿನಕ್ಕೆ ಮುಗಿಯುವುದಿಲ್ಲ, ದಿನ ಲೆಕ್ಕಹಾಕಿ ಮತ್ತೆ ಮತ್ತೆ ಹೋಗಬೇಕು. ಆಟೋ ಖರ್ಚು, ತಪ್ಪಿದ ಕ್ಲಾಸು, ಖಾಸಗಿ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಅದರ ಬಿಲ್ಲು, ಎಲ್ಲ ನಿನ್ನದು ಎಂದು ಹಾಳೆಯಲ್ಲಿ ಸೇರಿಸು. ನಾಯಿಯ ಲಸಿಕೆ ಕಾರ್ಡನ್ನೂ ಅದಕ್ಕೇ ಪಿನ್ ಮಾಡು.

ಕೇಳಲು ಕಷ್ಟವಾದರೂ ಇದನ್ನೂ ಹೇಳಿಬಿಡುತ್ತೇನೆ. ನಿನ್ನ ನಾಯಿಗೆ ವಯಸ್ಸಾಗಿದೆ. ಇನ್ನು ಉಳಿಯುವುದಿಲ್ಲ, ನರಳಿಸುವುದು ಬೇಡ ಎಂದು ಡಾಕ್ಟರು ಹೇಳಿದರೆ ‘ಹೂಂ’ ಎನ್ನುವ ಭಾರ ಆ ಹುಡುಗಿಯ ತಲೆಗೆ ಬರಬಾರದು. ನೀನು, ನೀನು ಸಿಗದಿದ್ದರೆ ನಾನು. ಇದನ್ನು ಡಾಕ್ಟರಿಗೂ ಹೇಳಿಡು.

ವಾಪಸ್ ಬಂದ ದಿನ ಬಾಗಿಲಲ್ಲೇ ಲೆಕ್ಕ ಕೇಳಬೇಡ. ಮಾರನೆಯ ದಿನ ಇಬ್ಬರೂ ಕೂತು ಚೀಟಿಗಳನ್ನು ನೋಡಿ. ಅವಳು ತನ್ನ ಕೈಯಿಂದ ಹತ್ತು ರೂಪಾಯಿ ಹಾಕಿದ್ದರೂ ಅಲ್ಲೇ ಕೊಡು, ಸಂಬಳವನ್ನು ಬೇರೆಯೇ ಕೊಡು. ಉಳಿದ ತುರ್ತುಹಣವನ್ನು ಸಂಬಳಕ್ಕೆ ವಜಾ ಮಾಡಿಕೊಳ್ಳುವ ಜಾಣತನ ಬೇಡ. ಡಾಕ್ಟರ ಬಳಿಯ ಡಿಪಾಸಿಟ್ ಅಲ್ಲೇ ಇದ್ದರೂ ಇರಲಿ, ದೀಪಾವಳಿಗೆ ಹೇಗೂ ಊರಿಗೆ ಹೊರಡುತ್ತೀರಲ್ಲ. ಯುಪಿಐ ಸರ್ಕಲ್‌ನಿಂದ ಮಾತ್ರ ಅವಳ ಹೆಸರನ್ನು ಅವಳ ಎದುರಿಗೇ ತೆಗೆ.