ಗುಟ್ಟನ್ನು ನಾವೇಕೆ ಬಿಟ್ಟುಕೊಡುತ್ತೇವೆ?

ಮನೆಯ ಮಾತು ಬೀದಿಗೆ ಬೀಳಬಾರದೆಂದು ಎಚ್ಚರ ವಹಿಸುವ ಗೃಹಸ್ಥನೇ ಮೊಬೈಲು ಕೈಗೆ ಬಂದೊಡನೆ ಹುಟ್ಟಿದ ದಿನ, ಮಗುವಿನ ಭಾವಚಿತ್ರ, ಊರಿಗೆ ಹೊರಟ ಸುದ್ದಿ ಎಲ್ಲವನ್ನೂ ಅಪರಿಚಿತರ ಮುಂದೆ ಹರಡುತ್ತಾನೆ. ಮಾತಿಗೂ ನಡೆಗೂ ಇರುವ ಈ ಅಂತರವನ್ನು ವಿದ್ವಾಂಸರು ಖಾಸಗಿತನದ ವಿರೋಧಾಭಾಸವೆಂದು ಕರೆದಿದ್ದಾರೆ. ಅಜ್ಞಾನವೇ ಇದಕ್ಕೆ ಕಾರಣವೆಂದು ಹೇಳಿಬಿಡುವುದು ಸುಲಭ. ಆದರೆ ಅದು ಪೂರ್ಣ ಸತ್ಯವಲ್ಲ.

2014ರಲ್ಲಿ ಅಮೇರಿಕದ ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ಒಂದು ಪ್ರಯೋಗ ನಡೆಯಿತು. ಅಲ್ಲಿನ ವಿದ್ಯಾರ್ಥಿಗಳನ್ನು ಗಣಕಯಂತ್ರದ ವಿಷಯದಲ್ಲಿ ಅಜ್ಞರೆಂದು ಯಾರೂ ಹೇಳಲಾರರು. ಅವರಿಂದ ಗೆಳೆಯರ ಇ-ಮೇಲ್ ವಿಳಾಸಗಳನ್ನು ಕೇಳಲಾಯಿತು. ಕೊಟ್ಟರೆ ಗೆಳೆಯರೊಡನೆ ತಿನ್ನಲು ಪಿಜ್ಜಾ ದೊರೆಯುವುದೆಂದು ಕೆಲವರಿಗೆ ಮಾತ್ರ ತಿಳಿಸಿದರು. ಆ ಆಸೆ ಹುಟ್ಟಿದವರಲ್ಲಿ ಸುಳ್ಳು ವಿಳಾಸ ಬರೆದು ಗೆಳೆಯರನ್ನು ಕಾಪಾಡುವವರು ಕಡಿಮೆಯಾದರು. ಖಾಸಗಿತನ ತಮಗೆ ಬಹಳ ಮುಖ್ಯವೆಂದು ಹೇಳಿಕೊಂಡಿದ್ದವರೂ ಇದಕ್ಕೆ ಹೊರತಾಗಲಿಲ್ಲ. ಬಿಟ್ಟುಕೊಟ್ಟದ್ದು ತಮ್ಮ ಗುಟ್ಟನ್ನೂ ಅಲ್ಲ, ಸ್ನೇಹಿತರದನ್ನು!

ಲಾಭವು ಈಗಲೇ, ಕಣ್ಣೆದುರಿಗೇ ಇರುತ್ತದೆ. ನಷ್ಟವು ಎಂದೋ, ಎಲ್ಲಿಯೋ, ಯಾರಿಗೋ ಆಗತಕ್ಕದ್ದು. ಜೊತೆಗೆ, ಹತ್ತು ಜನರಿರುವ ಗುಂಪಿನಿಂದ ಹೊರಗುಳಿಯುವ ಅಳುಕು ಬೇರೆ. ಷರತ್ತುಗಳನ್ನು ಓದಿ ಒಪ್ಪಬೇಕೆಂದು ಹೇಳುವುದೇನೋ ಸರಿ. ಆದರೆ ತಾನು ಭೇಟಿಕೊಡುವ ಜಾಲತಾಣಗಳ ಖಾಸಗಿತನದ ನಿಯಮಗಳನ್ನೆಲ್ಲ ಓದಲು ಒಬ್ಬನಿಗೆ ವರ್ಷಕ್ಕೆ ಸುಮಾರು 201 ಗಂಟೆ ಬೇಕೆಂದು 2008ರಲ್ಲಿಯೇ ಇಬ್ಬರು ಸಂಶೋಧಕರು ಲೆಕ್ಕ ಹಾಕಿದ್ದರು. ಓದದೆ ಒತ್ತಿದ ಗುಂಡಿಯನ್ನು ಒಪ್ಪಿಗೆಯೆನ್ನುವುದು ನ್ಯಾಯವೆ?

ಹೀಗೆ ಒಬ್ಬನು ಒತ್ತಿದ ಗುಂಡಿ ಎಷ್ಟು ಮಂದಿಯನ್ನು ಮುಟ್ಟುವುದೆಂಬುದು 2018ರಲ್ಲಿ ಬಯಲಾಯಿತು. ಫೇಸ್‌ಬುಕ್ಕಿನ ಒಂದು ಪ್ರಶ್ನಾವಳಿಯನ್ನು ಬಳಸಿದವರು ಸುಮಾರು 2,70,000 ಜನ. ಕೇಂಬ್ರಿಜ್ ಅನಲಿಟಿಕಾ ಎಂಬ ಕಂಪನಿಗೆ 8 ಕೋಟಿ 70 ಲಕ್ಷದಷ್ಟು ಜನರ ವಿವರ ಹೋಗಿರಬಹುದೆಂದು ಫೇಸ್‌ಬುಕ್ಕೇ ಅಂದಾಜು ಮಾಡಿತು. ಇವರಲ್ಲಿ ಬಹುಮಂದಿ ಆ ಪ್ರಶ್ನೆಗಳನ್ನು ನೋಡಿಯೂ ಇರಲಿಲ್ಲ. ಅವರು ಉತ್ತರಿಸಿದವರ ಸ್ನೇಹಿತರು, ಅಷ್ಟೇ.

ನಮ್ಮ ದೇಶದಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ತೀರ್ಪಿತ್ತಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 18 ವರ್ಷ ತುಂಬದವರ ವಿವರಗಳನ್ನು ಕಂಪನಿಗಳು ಬಳಸಲು ತಂದೆತಾಯಿಗಳ ಒಪ್ಪಿಗೆ ಬೇಕೆಂದು 2023ರ ಕಾಯಿದೆ ವಿಧಿಸಿದೆ. ಆದರೆ ತಂದೆತಾಯಿಗಳೇ ಮಗುವಿನ ಅಂಕಪಟ್ಟಿಯ ಚಿತ್ರವನ್ನು ವಾಟ್ಸಾಪ್ ಗುಂಪುಗಳಿಗೆ ಹಂಚಿದರೆ, ಅದರ ಮೇಲಿರುವ ಜನ್ಮದಿನಾಂಕವೂ ನೋಂದಣಿ ಸಂಖ್ಯೆಯೂ ಯಾರ ಯಾರ ಕೈ ಸೇರಿದವೆಂದು ಕಾಯಿದೆಯು ಹಿಂಬಾಲಿಸಿ ಹೋಗಲಾರದು. ಅಂಕಗಳನ್ನಷ್ಟೇ ಬರೆದು ತಿಳಿಸಿದರೂ ಬಂಧುಗಳಿಗೆ ಸಂತೋಷವಾಗುತ್ತದೆ.