ಸೋರುವ ನಳ: ದೋಷವನ್ನರಿತು ದುರಸ್ತಿ ಮಾಡಿ

ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿ ಭಾಗದ ರೈತ ಬಾಂಧವರಿಗೆ ಹೊಲದಲ್ಲಿ ನೀರಿನ ಬೆಲೆ ಏನೆಂಬುದನ್ನು ಹೇಳಬೇಕಾಗಿಲ್ಲ. ಆದರೆ ಹಿತ್ತಲಿನ ನಳ ಹಗಲಿರುಳು ಸೋರುತ್ತಿದ್ದರೂ ಅದರ ಕಡೆ ಗಮನ ಹರಿಯುವುದು ಕಡಿಮೆ. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಯೋಜನೆ ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಿಂದ ಹಳ್ಳಿಗಳಿಗೆ ಬಂದಿದೆ. ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಒದಗಿಸುವುದು ಇದರ ಗುರಿ. ಹೀಗೆ ಬಂದ ನೀರನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಸೋರಿಕೆಯನ್ನು ಅಳೆಯುವ ಬಗೆ

ಮಾಳಿಗೆಯ ಟಾಕಿಗೆ ಜೋಡಿಸಿದ ನಳದ ಕೆಳಗೆ ಒಂದು ನಿಮಿಷ ಲೋಟ ಹಿಡಿಯಿರಿ. ಬಿದ್ದ ನೀರು 200 ಮಿಲಿ ಲೀಟರ್ ಇದ್ದರೆ ದಿನಕ್ಕೆ 288 ಲೀಟರ್ ಹೋಯಿತೆಂದು ತಿಳಿಯಿರಿ. ಇದು ಐದು ಜನರ ದಿನದ ಪಾಲಿಗಿಂತ ಹೆಚ್ಚು. ಗಂಟೆಗೆ 4 ಲೀಟರ್ ಕೊಡುವ ಹನಿ ನೀರಾವರಿಯ ಡ್ರಿಪ್ಪರ್‌ಗಳಾದರೆ, 72 ಡ್ರಿಪ್ಪರ್‌ಗಳು ಒಂದು ಗಂಟೆ ನಡೆಯುವಷ್ಟು ನೀರು ಇದು.

ತಿರುಪಿನ ನಳ

ಹಲವು ಸುತ್ತು ತಿರುಗಿಸಿ ತೆರೆಯುವ ಹಳೆಯ ಮಾದರಿಯ ನಳ ಇದು. ಹಿಡಿಕೆ ತಿರುಗಿಸಿದಾಗ ತಿರುಪಿನ ಕಡ್ಡಿ ಕೆಳಗಿಳಿದು, ತುದಿಯ ರಬ್ಬರ್ ವಾಷರನ್ನು ಒಳಗಿನ ಪೀಠದ ಮೇಲೆ ಒತ್ತುತ್ತದೆ, ನೀರು ನಿಲ್ಲುತ್ತದೆ. ವಾಷರ್ ಸವೆದರೆ ನಳದ ಬಾಯಿಂದ ನೀರು ತೊಟ್ಟಿಕ್ಕುತ್ತದೆ. ಆಗ ಅನೇಕರು ಬಲ ಹಾಕಿ ಬಿಗಿಯುತ್ತಾರೆ. ಇದರಿಂದ ವಾಷರ್ ಇನ್ನಷ್ಟು ಹರಿಯುತ್ತದೆ, ಪೀಠವೂ ಕೆಡುತ್ತದೆ.

ಸರಿಯಾದ ಕ್ರಮ ಇಷ್ಟೇ: ಮೊದಲು ಟಾಕಿಯ ವಾಲ್ವ್ ಮುಚ್ಚಿ, ನಳ ತೆರೆದು ಕೊಳವೆಯ ನೀರು ಖಾಲಿ ಮಾಡಿ. ಪಾನಾದಿಂದ ಮೇಲ್ಭಾಗ ಬಿಚ್ಚಿ, ಅದೇ ಅಳತೆಯ ಹೊಸ ವಾಷರ್ ಹಾಕಿ. ಪೀಠದ ಮೇಲೆ ಗೀರು ಇದ್ದರೆ ಹೊಸ ವಾಷರ್ ಬಾಳುವುದಿಲ್ಲ. ನಳವನ್ನೇ ಬದಲಿಸುವುದು ಲೇಸು. ಬಾಯಿಗೆ ಬದಲು ಹಿಡಿಕೆಯ ಬುಡದಲ್ಲಿ ನೀರು ಒಸರುತ್ತಿದ್ದರೆ ದೋಷ ವಾಷರಿನದಲ್ಲ. ಅಲ್ಲಿನ ನಟ್ಟನ್ನು ಸ್ವಲ್ಪ ಬಿಗಿಯಿರಿ. ನಿಲ್ಲದಿದ್ದರೆ ಗ್ರೀಸ್ ಹಚ್ಚಿದ ದಾರ ಸುತ್ತಿರಿ.

ಕಾಲು ಸುತ್ತಿನ ನಳ

ಇದರಲ್ಲಿ ಒಂದರ ಮೇಲೊಂದು ಕೂತ ಎರಡು ಸೆರಾಮಿಕ್ ಬಿಲ್ಲೆಗಳಿವೆ. ಎರಡರ ತೂತುಗಳು ಎದುರುಬದುರು ಬಂದಾಗ ನೀರು ಹರಿಯುತ್ತದೆ, ಸರಿದಾಗ ನಿಲ್ಲುತ್ತದೆ. ಇಲ್ಲಿ ಸವೆಯುವ ವಾಷರ್ ಇಲ್ಲ. ಆದರೆ ಕೊಳವೆಬಾವಿಯ ಮರಳು ಮತ್ತು ಗಡಸು ನೀರಿನ ಸುಣ್ಣ ಇದರ ಶತ್ರುಗಳು. ಮರಳು ಬಿಲ್ಲೆಯನ್ನು ಗೀರಿದರೆ ಒಳಗಿನ ಜೋಡಣೆಯನ್ನೇ ಬದಲಿಸಬೇಕು. ಆದ್ದರಿಂದ ಟಾಕಿಯ ತಳದ ಕೆಸರನ್ನು ಆಗಾಗ ತೆಗೆಯಿರಿ, ಕೊಳವೆಗೆ ಜಾಲರಿ ಕೂರಿಸಿ.

ಬಾಲ್ ವಾಲ್ವ್ ಮತ್ತು ಗೇಟ್ ವಾಲ್ವ್

ಬಾಲ್ ವಾಲ್ವಿನಲ್ಲಿ ನಡುವೆ ತೂತು ಕೊರೆದ ಗುಂಡು ಇದೆ. ಹಿಡಿಕೆ ಕೊಳವೆಯ ಗುಂಟ ಇದ್ದರೆ ತೆರೆದಿದೆ, ಅಡ್ಡ ಇದ್ದರೆ ಮುಚ್ಚಿದೆ. ಗೇಟ್ ವಾಲ್ವಿನಲ್ಲಿ ಲೋಹದ ಹಲಗೆ ಕಾಲುವೆಯ ತೂಬಿನಂತೆ ಏರಿಳಿಯುತ್ತದೆ. ಇವೆರಡನ್ನೂ ಪೂರ್ತಿ ತೆರೆಯಬೇಕು, ಇಲ್ಲವೆ ಪೂರ್ತಿ ಮುಚ್ಚಬೇಕು. ಅರ್ಧ ತೆರೆದಿಟ್ಟರೆ ರಭಸದ ನೀರು ಅಂಚನ್ನು ಸವೆಸುತ್ತದೆ. ಪಂಪು ನಡೆಯುವಾಗ ಬಾಲ್ ವಾಲ್ವನ್ನು ಒಮ್ಮೆಲೇ ಮುಚ್ಚಬಾರದು. ನೀರಿನ ಹೊಡೆತಕ್ಕೆ ಕೊಳವೆಯ ಜೋಡಣೆ ಬಿಟ್ಟುಕೊಳ್ಳಬಹುದು.

ಟಾಕಿಯ ತೇಲು ವಾಲ್ವ್

ನೀರು ಏರಿದಂತೆ ತೇಲುಗುಂಡು ಏರಿ, ಅದರ ತೋಳು ನೀರಿನ ದಾರಿ ಮುಚ್ಚುತ್ತದೆ. ಗುಂಡು ತೂತಾಗಿ ಒಳಗೆ ನೀರು ತುಂಬಿದರೆ ಮೇಲೇಳುವುದಿಲ್ಲ. ಟಾಕಿ ತುಂಬಿ ಹೊರಚೆಲ್ಲುತ್ತದೆ. ಗುಂಡನ್ನು ಬಿಚ್ಚಿ ಅಲುಗಾಡಿಸಿ ನೋಡಿ. ಒಳಗೆ ನೀರಿನ ಸದ್ದು ಬಂದರೆ ಬದಲಿಸಿ.

ನೆನಪಿಡಬೇಕಾದ ಅಂಶಗಳು

1. ನೀರು ಎಲ್ಲಿಂದ ಸೋರುತ್ತದೆ ಎಂಬುದನ್ನು ಮೊದಲು ನೋಡಿ, ನಂತರ ಬಿಚ್ಚಿ.
2. ಸೋರುವ ನಳಕ್ಕೆ ಬಲ ಪ್ರಯೋಗ ಮದ್ದಲ್ಲ.
3. ಮನೆಯಲ್ಲಿ ಒಂದು ಪಾನಾ ಮತ್ತು ನಾಲ್ಕಾರು ವಾಷರ್ ಸದಾ ಇರಲಿ.
4. ನಳದ ಕಟ್ಟೆಯ ಬಳಿ ನೀರು ನಿಂತರೆ ಸೊಳ್ಳೆ ಹೆಚ್ಚುತ್ತವೆ; ಬಳಸಿದ ನೀರನ್ನು ಕೈತೋಟಕ್ಕೆ ಹರಿಸಿ.

ಹನಿ ನೀರಾವರಿಯಿಂದ ಬೆಳೆಗೆ ಹನಿಹನಿ ಲೆಕ್ಕ ಹಾಕಿ ನೀರು ಕೊಡುವ ರೈತರು, ಮನೆಯ ನಳದ ಹನಿಗೂ ಅದೇ ಲೆಕ್ಕ ಇಡುವುದು ಅವಶ್ಯ.