ನಾಯಿಮರಿ: ಕೊಳ್ಳುವುದೋ, ಆಶ್ರಯದಿಂದ ತರುವುದೋ?

ನಾಯಿಯನ್ನು ಸಾಕುವುದು ನಮ್ಮ ಸೀಮೆಗೆ ಹೊಸತಲ್ಲ. ಗುಬ್ಬಿಯ ಕಡೆಯ ತೆಂಗು ಅಡಿಕೆಯ ತೋಟಗಳಲ್ಲಿ ನಾಯಿಯಿಲ್ಲದ ಮನೆ ಅಪರೂಪ. ನಮ್ಮ ತಂದೆಯವರ ತೋಟದಲ್ಲಿಯೂ ಒಂದುಂಟು. ಅದಕ್ಕೆ ಯಾರೂ ಬೆಲೆ ಕೊಟ್ಟಿಲ್ಲ. ನೆರೆಯೂರಿನಲ್ಲಿ ನಾಯಿ ಮರಿಹಾಕಿದಾಗ ಎತ್ತಿ ತಂದುದು. ಈಗಲಾದರೋ ತುಮಕೂರಿನ ಬಡಾವಣೆಗಳಲ್ಲಿ ಸಾವಿರಾರು ರೂಪಾಯಿ ತೆತ್ತು ಜಾತಿನಾಯಿಯನ್ನು ಕೊಳ್ಳುವ ವಾಡಿಕೆ ಬೆಳೆದಿದೆ. ಅದೇ ಬೀದಿಯಲ್ಲಿ ಒಡೆಯನಿಲ್ಲದ ನಾಯಿಗಳು ತಿಪ್ಪೆ ಕೆದಕುತ್ತಿರುತ್ತವೆ. ಸಾಕಬಯಸುವವನಿಗೆ ಯಾವ ದಾರಿ ಯುಕ್ತವೆಂಬುದು ವಿಚಾರಾರ್ಹವಾಗಿದೆ.

ಮೊದಲು ತಳಿಯೆಂದರೇನೆಂದು ತಿಳಿಯಬೇಕು. ಕುಣಿಗಲ್ಲು ಹೈದರ್, ಟಿಪ್ಪುವಿನ ಕಾಲದಿಂದಲೂ ಕುದುರೆ ಸಾಕಣೆಗೆ ಹೆಸರಾದ ಊರು. ಅಲ್ಲಿ ಕುದುರೆಯ ವಂಶಾವಳಿಯನ್ನು ನೋಡಿದುದು ದಂಡಿಗಾಗಿ, ಅನಂತರ ಜೂಜಿನ ಓಟಕ್ಕಾಗಿ, ಅಂದಕ್ಕಾಗಿಯಲ್ಲ. ನಾಯಿಯ ತಳಿಯೂ ಹಾಗೆಯೇ ಒಂದು ಕೆಲಸಕ್ಕಾಗಿ ರೂಪುಗೊಂಡುದು. ನಮ್ಮ ಮುಧೋಳದ ನಾಯಿ ಬೇಟೆಯನ್ನು ಕಣ್ಣಿನಿಂದ ಕಂಡು ಅಟ್ಟುವ ಓಟಗಾರ. 2005ರಲ್ಲಿ ಅದರ ಚಿತ್ರದ ಅಂಚೆಚೀಟಿಯೂ ಬಂದಿತು. ಅಂಥದನ್ನು ಇಪ್ಪತ್ತಡಿಯ ಅಂಗಳದಲ್ಲಿ ಕಟ್ಟಿಹಾಕುವುದು ಅನ್ಯಾಯ. ಹಿಮದ ಮೇಲೆ ಗಾಡಿಯೆಳೆಯುವ ಸೈಬೀರಿಯದ ಹಸ್ಕಿಯನ್ನು ನಮ್ಮ ಏಪ್ರಿಲ್ ಬಿಸಿಲಿಗೆ ತರುವುದು ಇನ್ನೂ ದೊಡ್ಡ ಅನ್ಯಾಯ.

ತಳಿಯೇ ಬೇಕೆನ್ನುವವರು ಕಾನೂನನ್ನಾದರೂ ತಿಳಿದಿರಲಿ. 2017ರ ನಿಯಮಗಳಂತೆ ನಾಯಿಮರಿ ಮಾರುವವನು ರಾಜ್ಯದ ಪ್ರಾಣಿಕಲ್ಯಾಣ ಮಂಡಲಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ಕೊಳ್ಳುವವನು ನೋಂದಣಿ ಪತ್ರವನ್ನು ಕೇಳಬೇಕು. ತಾಯಿನಾಯಿಯನ್ನು, ಅದಿರುವ ಜಾಗವನ್ನು ಕಣ್ಣಾರೆ ನೋಡಬೇಕು. ತೋರಿಸಲೊಪ್ಪದವನಲ್ಲಿ ಕೊಂಡರೆ, ಗೂಡಿನಲ್ಲಿ ಕೂಡಿಟ್ಟು ಮೇಲಿಂದ ಮೇಲೆ ಮರಿಹಾಕಿಸುವ ಕ್ರೌರ್ಯಕ್ಕೆ ನಮ್ಮ ಹಣವೂ ಸೇರಿದಂತಾಗಬಹುದು.

ಇನ್ನು ಆಶ್ರಯದ ನಾಯಿ. ಬೆಂಗಳೂರಿನಲ್ಲಿ ಕ್ರಿಸ್ಟಲ್ ರೋಜರ್ಸ್ ಎಂಬ ಮಹಿಳೆ 1991ರಲ್ಲಿ ಸ್ಥಾಪಿಸಿದ ‘ಕ್ಯೂಪಾ’ದಂಥ ಸಂಸ್ಥೆಗಳು ಗಾಯಗೊಂಡ, ತೊರೆಯಲ್ಪಟ್ಟ ಪ್ರಾಣಿಗಳಿಗೆ ನೆಲೆ ಕೊಟ್ಟು, ಸಾಕುವವರಿಗೆ ಒಪ್ಪಿಸುತ್ತವೆ. 2025ರ ನವೆಂಬರ್ 7ರಂದು ಸರ್ವೋಚ್ಚ ನ್ಯಾಯಾಲಯವು ಶಾಲೆ ಕಾಲೇಜು, ಆಸ್ಪತ್ರೆ, ಬಸ್ ನಿಲ್ದಾಣಗಳ ಬೀದಿನಾಯಿಗಳನ್ನು ಹಿಡಿದು, ಸಂತಾನಹರಣ ಮಾಡಿ, ಲಸಿಕೆ ಹಾಕಿ ಆಶ್ರಯಗಳಿಗೆ ಸೇರಿಸುವಂತೆ ಆದೇಶಿಸಿತು. ಎಂದಮೇಲೆ ಈ ಪ್ರಶ್ನೆ ನಮ್ಮ ಕಾಲೇಜಿನ ಬಾಗಿಲಿಗೂ ಬಂದಂತಾಯಿತು. ಆಶ್ರಯಗಳು ತುಂಬುತ್ತ ಹೋದರೆ ಬರಿದಾಗಿಸುವವರು ಯಾರು? ಅಲ್ಲಿಂದ ಒಂದು ನಾಯಿಯನ್ನು ಮನೆಗೆ ತಂದರೆ ಇನ್ನೊಂದಕ್ಕೆ ಜಾಗವಾಗುತ್ತದೆ.

ಆಶ್ರಯದಿಂದ ಬೆಳೆದ ನಾಯಿಯನ್ನು ತರುವುದರಲ್ಲಿ ಅನುಕೂಲವೂ ಉಂಟು: ಅದರ ಗಾತ್ರ, ಸ್ವಭಾವಗಳು ಮುಂಚೆಯೇ ತಿಳಿಯುತ್ತವೆ. ತೊಡಕಿಲ್ಲವೆಂದಲ್ಲ. ಪೆಟ್ಟು ತಿಂದ ನಾಯಿ ಕೋಲನ್ನು ಕಂಡರೆ ಬೆದರೀತು, ಅನ್ನದ ತಟ್ಟೆಯ ಬಳಿ ಗುರುಗುಟ್ಟೀತು. ಅದಕ್ಕೆ ವಾರಗಟ್ಟಲೆ ತಾಳ್ಮೆ ಬೇಕು. ಚಿಕ್ಕ ಮಕ್ಕಳಿರುವವರು ಎರಡು ಮೂರು ಬಾರಿ ಹೋಗಿ ನೋಡಿ, ಅನಂತರ ತರುವುದು ಲೇಸು.

ಎರಡು ದಾರಿಗೂ ಸಮಾನವಾದ ಹೊಣೆಯೊಂದಿದೆ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದು, ಮುಂದೆ ಪಶುವೈದ್ಯರು ಹೇಳಿದಂತೆ ವರುಷವರುಷವೂ ಹಾಕಿಸಬೇಕು. ಯಾವ ನಾಯಿ ಕಚ್ಚಿದರೂ ಗಾಯವನ್ನು ಕಾಲುಗಂಟೆ ಸೋಪು ನೀರಿನಿಂದ ತೊಳೆದು ಆಸ್ಪತ್ರೆಗೆ ಧಾವಿಸಬೇಕು. ರೋಗ ತಲೆದೋರಿದ ಮೇಲೆ ಬದುಕುವುದು ಇಲ್ಲವೆನ್ನುವಷ್ಟು ವಿರಳ.

ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಶಾಸನವನ್ನು ಚರಿತ್ರೆಯ ವಿದ್ಯಾರ್ಥಿಗಳು ಬಲ್ಲರು. ತಕ್ಕೋಲದ ಯುದ್ಧದಲ್ಲಿ ಮೆಚ್ಚಿಸಿದ ಮಣಲೇರನಿಗೆ ಗಂಗರ ಬೂತುಗನು ಬೇಕಾದುದನ್ನು ಬೇಡೆನ್ನಲು, ಆತ ಬೇಡಿದುದು ಕಾಳಿಯೆಂಬ ನಾಯಿಯನ್ನು. ಅದು ಹಂದಿಯೊಡನೆ ಕಾದಾಡಿ ಸತ್ತಾಗ ಅದರ ನೆನಪಿಗೆ ಕಲ್ಲು ನಿಂತಿತು. ಒಡೆತನವೆಂದರೆ ಕೊನೆಯವರೆಗೆ ಕೈಬಿಡದಿರುವುದು.

ಆದುದರಿಂದ ನನ್ನ ಅಭಿಪ್ರಾಯವಿಷ್ಟು: ತಳಿಗೆ ತಕ್ಕ ಕೆಲಸ, ಬಯಲು ಇರುವವರು ವಿಚಾರಿಸಿ ಕೊಳ್ಳಲಿ. ಮನೆ ಕಾಯಲು, ಮಕ್ಕಳೊಡನೆ ಆಡಲು ಬೇಕೆನ್ನುವ ನಮ್ಮಂಥವರಿಗೆ ಆಶ್ರಯದ ನಾಯಿಯೇ ಸಾಕು. ಹತ್ತು ಹನ್ನೆರಡು ವರುಷ ಅನ್ನ, ಮದ್ದು, ನಡಿಗೆಗಳ ಹೊಣೆ ಹೊರಲಾರದವರು ಯಾವುದನ್ನೂ ತಾರದಿರುವುದೇ ಆ ಪ್ರಾಣಿಗೆ ಮಾಡುವ ಉಪಕಾರ.